ಎಂತ ಆಗ್ತದೆ, ಹೇಳು ನೋಡುವ

ಕೇಳುಗರಿಗೆ ನಮಸ್ಕಾರ. ಬೀಡಿ ಕಟ್ಟುತ್ತಾ ರೇಡಿಯೋಗೆ ಕಿವಿಕೊಟ್ಟಿರುವ ಅಮ್ಮಂದಿರಿಗೆ, ಶಾಲೆಗೆ ಹೊರಡುವ ಗಡಿಬಿಡಿಯಲ್ಲಿರುವ ಟೀಚರುಗಳಿಗೆ ಇವತ್ತು ಒಂದೇ ಒಂದು ಮಾತು ಹೇಳಲಿಕ್ಕಿದೆ. ವಿಜ್ಞಾನದಲ್ಲಿ ಮಗುವಿಗೆ ಏನನ್ನೇ ತೋರಿಸುವ ಮೊದಲು "ಎಂತ ಆಗ್ತದೆ, ಹೇಳು ನೋಡುವ" ಅಂತ ಕೇಳಿ. ಅದು ಹೇಳಿದ ಮೇಲೆ ತೋರಿಸಿ. ಇಷ್ಟೇ.

ಈಗ ಯಾವ ಶಾಲೆಗೆ ಹೋದರೂ ಮೊದಲು ಸ್ಮಾರ್ಟ್ ಬೋರ್ಡ್ ತೋರಿಸುತ್ತಾರೆ. ಸಂತೋಷವೇ. ಹೃದಯ ಬಡಿಯುವುದು, ಜ್ವಾಲಾಮುಖಿ ಉಕ್ಕುವುದು ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ. ಆದರೆ ನೋಡಿದ್ದೆಲ್ಲ ತಲೆಗೆ ಹೋಗುವುದಿಲ್ಲ. ಅಮೆರಿಕದ ಹಾರ್ವರ್ಡ್‌ನಲ್ಲಿ ಪ್ರೊಫೆಸರ್ ಎರಿಕ್ ಮಜೂರ್ ಮತ್ತು ಜೊತೆಯವರು ಭೌತಶಾಸ್ತ್ರದ ತರಗತಿಗಳಲ್ಲಿ ಇದನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ಪ್ರಯೋಗವನ್ನು ಸುಮ್ನೆ ನೋಡಿದ ವಿದ್ಯಾರ್ಥಿಗಳಿಗೆ, ನೋಡದೇ ಇದ್ದವರಿಗಿಂತ ಹೆಚ್ಚೇನೂ ಅರ್ಥವಾಗಿರಲಿಲ್ಲ. ಏನಾಗಬಹುದು ಅಂತ ಮೊದಲೇ ಊಹಿಸಿ ಆಮೇಲೆ ನೋಡಿದವರಿಗೆ ಅವರಿಗಿಂತ ಹೆಚ್ಚು ಅರ್ಥವಾಗಿತ್ತು. ಪ್ರಯೋಗ ಅದೇ. ವ್ಯತ್ಯಾಸ ಎರಡು ನಿಮಿಷದ ಆ ಪ್ರಶ್ನೆಯದ್ದು.

ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಉಡುಪಿಯ ಹತ್ತಿರದ ಒಂದು ಶಾಲೆ. ಆಗಸ್ಟ್ 18ರ ಆಸುಪಾಸು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಆಗ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಒಂದು ಸಲ ಏಪ್ರಿಲ್ ಕೊನೆಗೆ. ಆಗ ಶಾಲೆಗೆ ರಜೆ. ಇನ್ನೊಂದು ಸಲ ಆಗಸ್ಟ್‌ನಲ್ಲಿ. ಆಗ ಶಾಲೆ ಇದೆ, ಆದರೆ ಮಳೆ! ಎರಡು ವರ್ಷ ನನಗೆ ಮೋಡವೇ ಸಿಕ್ಕಿತ್ತು. ಮೂರನೇ ವರ್ಷ ಬೆಳಿಗ್ಗೆ ಬಿಸಿಲು ಬಂತು.

ಅಂಗಳದಲ್ಲಿ ಒಂದು ಸ್ಟೂಲು. ಅದರ ಮೇಲೆ ಬಿಳಿ ಹಾಳೆ. ಹಾಳೆಯ ಮೇಲೆ ಮನೆಯ ನೀರಿನ ಲೈನಿನಿಂದ ಉಳಿದಿದ್ದ ಒಂದಡಿ ಪೈಪ್ ತುಂಡು, ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟು ನೆಟ್ಟಗೆ ನಿಲ್ಲಿಸಿದ್ದು. ಎಂಟನೇ ಕ್ಲಾಸಿನ ಮಕ್ಕಳನ್ನು ಕೇಳಿದೆ, "ನೆರಳು ಎಷ್ಟು ಗಂಟೆಗೆ ಮಾಯ ಆಗ್ತದೆ? ಹೇಳಿ ನೋಡುವ. ಪುಸ್ತಕದಲ್ಲಿ ಬರೆಯಿರಿ, ಅಳಿಸ್ಲಿಕ್ಕಿಲ್ಲ." ಎಲ್ಲರೂ 12 ಗಂಟೆ ಅಂತ ಬರೆದರು.

12 ಆಯಿತು. ನೆರಳು ಹೋಗಲಿಲ್ಲ. ಅಳೆದರೆ ನಾಲ್ಕೂವರೆ ಸೆಂಟಿಮೀಟರ್, ಕಡಲಿನ ಕಡೆಗೆ ಚಾಚಿಕೊಂಡಿದೆ. ಪೈಪ್ ವಾಲಿದೆ ಅಂದ ಒಬ್ಬ. ದಾರ ಹಿಡಿದು ನೋಡಿದರು, ಇಲ್ಲ. ನಿಮ್ಮ ವಾಚ್ ಸರಿ ಇಲ್ಲ ಸರ್ ಅಂದ ಇನ್ನೊಬ್ಬ. ನನ್ನ ಮೊಬೈಲ್ ಕೊಟ್ಟೆ, ಅದರಲ್ಲೂ ಅದೇ ಹೊತ್ತು. ಅಷ್ಟರಲ್ಲಿ ಮೋಡ ಬಂತು. ಒಂದು ಮಗುವೂ ಅಲ್ಲಿಂದ ಕದಲಲಿಲ್ಲ. ಬಿಸಿಯೂಟದ ಗಂಟೆ ಹೊಡೆದರೂ ಕದಲಲಿಲ್ಲ, ಅದನ್ನು ನೀವು ಗಮನಿಸಬೇಕು. 12 ಗಂಟೆ 35 ನಿಮಿಷದ ಹೊತ್ತಿಗೆ ಮೋಡ ಸರಿಯಿತು. ಪೈಪಿನ ಹೊರಗೆ ಸುತ್ತಲೂ ನೆರಳಿಲ್ಲ. ಬಗ್ಗಿ ಇಣುಕಿದರೆ ಪೈಪಿನ ಒಳಗೆ ತಳದಲ್ಲಿ ದುಂಡಗೆ ಬಿಸಿಲು! ಒಬ್ಬಳು ಹುಡುಗಿ ಕೇಳಿದಳು, "ಸರ್, ಹಾಗಾದ್ರೆ ನಮ್ಮ ಗಡಿಯಾರದ 12 ಗಂಟೆ ಯಾರದ್ದು?"

ಆಗ ಮೊಬೈಲಿನಲ್ಲಿ ಮ್ಯಾಪ್ ತೆಗೆದೆವು. ಭಾರತದ ಗಡಿಯಾರಗಳೆಲ್ಲ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಗೆರೆಯನ್ನು ನೋಡಿ ನಡೆಯುತ್ತವೆ. ಉಡುಪಿ ಇರುವುದು 75 ಡಿಗ್ರಿಗೂ ತುಸು ಪಶ್ಚಿಮಕ್ಕೆ, ಹಾಗಾಗಿ ನಮ್ಮಲ್ಲಿ ನಡು ಮಧ್ಯಾಹ್ನ ತಡವಾಗಿ ಆಗ್ತದೆ. ಭೂಮಿ ಒಂದು ಡಿಗ್ರಿ ತಿರುಗಲಿಕ್ಕೆ ನಾಲ್ಕು ನಿಮಿಷ ಬೇಕು. ಮಕ್ಕಳೇ ಗುಣಿಸಿದರು, 31 ನಿಮಿಷ ಬಂತು. ಉಳಿದ ನಾಲ್ಕು ನಿಮಿಷದ್ದು ಬೇರೆ ಕಥೆ, ಇನ್ನೊಮ್ಮೆ ಹೇಳುತ್ತೇನೆ. ಮೊಬೈಲಿನ ಮ್ಯಾಪ್ ಯಾವಾಗ ಬಂತು ನೋಡಿದಿರಲ್ವಾ? ಪ್ರಶ್ನೆ ಹುಟ್ಟಿದ ಮೇಲೆ ಬಂತು. ಅದನ್ನೇ ಮೊದಲು ತೋರಿಸಿದ್ದರೆ ಆ ಹುಡುಗಿ ಆ ಪ್ರಶ್ನೆ ಕೇಳುತ್ತಲೇ ಇರಲಿಲ್ಲ.

ಸಮಯ ಮುಗಿಯುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ಶೀಟಿನ ಮಾಡಿನ ಕ್ಲಾಸಿನಲ್ಲಿ ಜುಲೈ ಮಳೆಗೆ ಟೀಚರ ಮಾತು ಎರಡನೇ ಬೆಂಚಿಗೂ ಕೇಳುವುದಿಲ್ಲ. ಆ ಹೊತ್ತಿಗೆ ಪಾಠ ನಿಲ್ಲಿಸಿ, ಬೆಂಚುಗಳನ್ನು ಎದುರುಬದುರು ತಿರುಗಿಸಿ, ಮಕ್ಕಳು ಗುಂಪಿನಲ್ಲಿ ಊಹೆ ಬರೆಯಲಿ. ಲ್ಯಾಬಿನ ಕಪಾಟಿಗೆ ಹಾಕಿದ ಬೀಗ ದಯವಿಟ್ಟು ತೆಗೆಯಿರಿ. ಬೀಕರ್ ಒಡೆದರೆ ಒಡೆಯಲಿ, ಹೊಸತು ಸಿಗುತ್ತದೆ. ಫೆಟ್ ಅಂತ ಕೊಲರಾಡೊ ವಿಶ್ವವಿದ್ಯಾಲಯದವರ ಆಟದಂಥ ಪ್ರಯೋಗಗಳು ಮೊಬೈಲಿನಲ್ಲೇ ಉಚಿತವಾಗಿ ಸಿಗುತ್ತವೆ, ಬಳಸಿ. ಮಂಗಳೂರಿನ ಪಿಲಿಕುಳದ ತಾರಾಲಯಕ್ಕೂ ಕರೆದುಕೊಂಡು ಹೋಗಿ. ಆದರೆ ಒಳಗೆ ಹೋಗುವ ಮೊದಲು ಬಾಗಿಲಲ್ಲಿ ನಿಲ್ಲಿಸಿ ಅದೇ ಪ್ರಶ್ನೆ ಕೇಳಿ.

ಅಮ್ಮಂದಿರೇ, ಇವತ್ತು ಸಂಜೆ ಒಂದು ಕೆಲಸ ಮಾಡಿ. ಮುಚ್ಚಳವಿರುವ ಸ್ಟೀಲ್ ಡಬ್ಬ ತೆಗೆದುಕೊಳ್ಳಿ. ಮೊಬೈಲನ್ನು ಒಳಗಿಟ್ಟು ಮುಚ್ಚಳ ಗಟ್ಟಿ ಹಾಕಿ. ಇನ್ನೊಂದು ಮೊಬೈಲಿನಿಂದ ಅದಕ್ಕೆ ಕಾಲ್ ಮಾಡಿದರೆ ರಿಂಗ್ ಆಗ್ತದಾ ಇಲ್ವಾ? ಮೊದಲು ಮಗು ಹೇಳಲಿ. ನೀವೂ ಹೇಳಿ. ಉತ್ತರ ನಾನು ಹೇಳುವುದಿಲ್ಲ. ನಮಸ್ಕಾರ.