ಆ ಕಿತ್ತಳೆ ಅಂಗಿ ಯಾರದ್ದು?

[ಪರದೆ: ಮಡಚಿಟ್ಟ ಕಿತ್ತಳೆ ಬಣ್ಣದ ಅಂಗಿ]

ನಮಸ್ಕಾರ. ಕೆನಡಾದಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡಿಗರಿಗೆ ಸೆಪ್ಟೆಂಬರ್ 30 ಗೊತ್ತಿರುತ್ತದೆ. ಹಿಂದಿನ ರಾತ್ರಿ ಮಗು ಬಂದು, "ಅಮ್ಮಾ, ನಾಳೆ ಆರೆಂಜ್ ಶರ್ಟ್ ಬೇಕು" ಅನ್ನುತ್ತದೆ. ಏನೋ ಕಲರ್ ಡೇ ಇರಬೇಕು ಅಂದುಕೊಂಡು ನಾವೂ ಹುಡುಕಿ ಕೊಡುತ್ತೇವೆ. ಮೊದಲ ವರ್ಷ ನಾನೂ ಹಾಗೇ ಮಾಡಿದ್ದೆ.

1973. ಬ್ರಿಟಿಷ್ ಕೊಲಂಬಿಯಾದ ಮೂಲನಿವಾಸಿ ಹುಡುಗಿ ಫಿಲಿಸ್ ವೆಬ್‌ಸ್ಟಾಡ್‌ಗೆ ಆಗ ಆರು ವರ್ಷ. ಅಜ್ಜಿಯ ಕೈಯಲ್ಲಿ ದುಡ್ಡು ಜಾಸ್ತಿ ಇರಲಿಲ್ಲ. ಆದರೂ ಮೊಮ್ಮಗಳು ವಸತಿ ಶಾಲೆಗೆ ಹೊರಟಿದ್ದಾಳಲ್ಲ ಅಂತ ಅಂಗಡಿಗೆ ಕರೆದುಕೊಂಡು ಹೋದರು. ಹುಡುಗಿ ಆರಿಸಿದ್ದು ಹೊಳೆಯುವ ಕಿತ್ತಳೆ ಅಂಗಿ, ಎದೆಯ ಮೇಲೆ ದಾರ ಕಟ್ಟುವಂಥದ್ದು. ಶಾಲೆಗೆ ಕಾಲಿಡುತ್ತಲೇ ಮೈಮೇಲಿನ ಬಟ್ಟೆಯನ್ನೆಲ್ಲ ಬಿಚ್ಚಿಸಿಕೊಂಡರು. ಆ ಅಂಗಿ ಅವಳಿಗೆ ಮತ್ತೆ ಸಿಗಲೇ ಇಲ್ಲ. ಸೆಪ್ಟೆಂಬರ್ 30ರಂದು ಮಕ್ಕಳು ಕಿತ್ತಳೆ ಅಂಗಿ ಹಾಕುವುದು ಈ ಕಥೆಯ ನೆನಪಿಗೇ.

ವಸತಿ ಶಾಲೆ ಅಂದರೆ ನಮಗೆ ಮೊರಾರ್ಜಿ ಶಾಲೆ ನೆನಪಾಗುತ್ತದೆ, ಅಲ್ವಾ? ಇದು ಅದಲ್ಲ. ಸರ್ಕಾರ ಮತ್ತು ಚರ್ಚುಗಳು ಸೇರಿ ನೂರಕ್ಕೂ ಹೆಚ್ಚು ವರ್ಷ ನಡೆಸಿದ ಈ ಶಾಲೆಗಳಲ್ಲಿ 1,50,000ಕ್ಕೂ ಹೆಚ್ಚು ಮೂಲನಿವಾಸಿ ಮಕ್ಕಳನ್ನು ಇಟ್ಟಿದ್ದರು. ತಾಯ್ನುಡಿ ಆಡಿದರೆ ಹೊಡೆತ. ಸಾವಿರಾರು ಮಕ್ಕಳು ಮನೆಗೆ ವಾಪಸ್ ಬರಲಿಲ್ಲ. ಕೊನೆಯ ಶಾಲೆ ಮುಚ್ಚಿದ್ದು 1990ರ ದಶಕದಲ್ಲಿ. 2008ರಲ್ಲಿ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. 2015ರಲ್ಲಿ, ಈ ಶಾಲೆಗಳಲ್ಲಿ ನಡೆದದ್ದನ್ನು ವಿಚಾರಿಸಿದ ಸತ್ಯ ಮತ್ತು ಸಮನ್ವಯ ಆಯೋಗ, ಇನ್ನು ಏನೇನು ಮಾಡಬೇಕು ಅಂತ 94 ಕರೆಗಳನ್ನು ಕೊಟ್ಟಿತು. ಈ ಚರಿತ್ರೆಯನ್ನು ಪ್ರತಿ ಶಾಲೆಯಲ್ಲೂ ವಯಸ್ಸಿಗೆ ತಕ್ಕಂತೆ ಕಲಿಸಬೇಕು ಅನ್ನುವುದು ಅದರಲ್ಲಿ ಒಂದು.

[ಪರದೆ: ಒಂಟಾರಿಯೊ ನಕ್ಷೆ, ಮಿಸ್ಸಿಸಾಗಾ]

ಹಾಗಾದರೆ ಶಾಲೆ ಏನು ಮಾಡಬೇಕು? ನನ್ನ ಕೇಳಿದರೆ, ಹೆಸರಿನಿಂದ ಶುರು ಮಾಡಬೇಕು. ಶಾಲೆಯಲ್ಲಿ ಬೆಳಗ್ಗೆ ಮೈಕಿನಲ್ಲಿ, ಅಲ್ಲಿನ ಮೂಲನಿವಾಸಿಗಳನ್ನು ನೆನೆದು, "ಇದು ಇಂಥವರ ನೆಲ" ಅಂತ ಓದುತ್ತಾರೆ. ಮಕ್ಕಳು ಸುಮ್ನೆ ನಿಂತಿರುತ್ತಾರೆ. ಆ 'ಇಂಥವರು' ಯಾರು ಅಂತ ಒಂದು ಪೀರಿಯಡ್ ಕೂತು ಹೇಳಿದರೆ ಎಷ್ಟು ಚೆನ್ನ!

ಟೊರಾಂಟೊ ಪಕ್ಕದ ನಮ್ಮ ಊರಿನ ಹೆಸರು ಮಿಸ್ಸಿಸಾಗಾ ಅಂತ ನಾವು ವಿಳಾಸದಲ್ಲಿ ದಿನಾ ಬರೆಯುತ್ತೇವೆ. ಅದು ಒಂದು ಮೂಲನಿವಾಸಿ ಜನಾಂಗದ ಹೆಸರು. ಈಗ ಟೊರಾಂಟೊ ಇರುವ ನೆಲವನ್ನು 1805ರಲ್ಲಿ ಬ್ರಿಟಿಷರು ಅವರಿಂದ ಬರೆಸಿಕೊಂಡದ್ದು 10 ಷಿಲ್ಲಿಂಗ್‌ಗೆ. ಆ ಅನ್ಯಾಯದ ಲೆಕ್ಕ ಇತ್ಯರ್ಥವಾಗಿ 14.5 ಕೋಟಿ ಡಾಲರ್ ಪರಿಹಾರ ಸಿಕ್ಕಿದ್ದು 2010ರಲ್ಲಿ! ಇದನ್ನು ತರಗತಿಯಲ್ಲಿ ಇಟ್ಟು ನೋಡಿ, ಮಕ್ಕಳು ಪ್ರಶ್ನೆ ಕೇಳದೆ ಬಿಡುವುದಿಲ್ಲ.

ಬ್ರಿಟಿಷ್ ಕೊಲಂಬಿಯಾದಲ್ಲಿ 2023–24ರಿಂದ ಮೂಲನಿವಾಸಿಗಳ ಬಗ್ಗೆ ಓದದೆ ಹೈಸ್ಕೂಲ್ ಮುಗಿಸುವಂತಿಲ್ಲ. ಒಳ್ಳೆಯ ನಿಯಮ. ಆದರೆ ಪುಸ್ತಕದ ಜೊತೆ ಮನುಷ್ಯರೂ ಬೇಕು. ಆ ಸಮುದಾಯದ ಹಿರಿಯರನ್ನು ಕರೆಸಿ, ಗೌರವಧನ ಕೊಟ್ಟು, ಅವರ ಮಾತು ಕೇಳಿಸಬೇಕು. ನೋವಿನ ಕಥೆಯೊಂದೇ ಅಲ್ಲ. ಅವರ ಹಾಡು, ಅಡುಗೆ, ಇವತ್ತಿನ ಡಾಕ್ಟರು, ಲಾಯರು, ಕಲಾವಿದರೂ ಮಕ್ಕಳಿಗೆ ಗೊತ್ತಾಗಬೇಕು. ತರಗತಿಯಲ್ಲೇ ಮೂಲನಿವಾಸಿ ಮಗು ಇದ್ದರೆ, "ನೀನೇ ಹೇಳು" ಅಂತ ಎಲ್ಲರೆದುರು ಎಬ್ಬಿಸಿ ನಿಲ್ಲಿಸಬೇಡಿ, ದಯವಿಟ್ಟು.

ನಾವು ಆಮೇಲೆ ಬಂದವರು, ನಮಗೇನು ಸಂಬಂಧ ಅನ್ನಿಸಬಹುದು. 2021ರಿಂದ ಕೆನಡಾ ಪೌರತ್ವದ ಪ್ರಮಾಣವಚನದಲ್ಲೇ ಮೂಲನಿವಾಸಿಗಳ ಹಕ್ಕಿನ ಮಾತಿದೆ. ಕೈ ಎತ್ತಿ ಅದನ್ನು ಹೇಳಿಯೇ ನಾವು ಇಲ್ಲಿನವರಾಗುವುದು.

ಮಿಸ್ಸಿಸಾಗಾ ಜನಾಂಗದವರು ಈಗ ಇರುವುದು ಒಂಟಾರಿಯೊದ ಹೇಗರ್ಸ್‌ವಿಲ್ ಊರಿನ ಹತ್ತಿರ. ಬೇಸಿಗೆಯ ಕೊನೆಯಲ್ಲಿ ಅಲ್ಲಿ ಅವರ ಪೌವೌ, ಅಂದರೆ ಹಾಡು-ಕುಣಿತದ ಹಬ್ಬ, ನಡೆಯುತ್ತದೆ, ಹೊರಗಿನವರೂ ಹೋಗಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ. ಅವರ ನುಡಿಯಲ್ಲಿ 'ಮೀಗ್ವೆಚ್' ಅಂದರೆ ಧನ್ಯವಾದ. ಕಾರಿನಲ್ಲಿ ಹೋಗುವಾಗಲೇ ಕಲಿಸಿಬಿಡಿ.