ಎಷ್ಟು ಗೆರೆಗೆ ಎಷ್ಟು ಮಿಲಿಗ್ರಾಂ?

ಕೇಳುಗರಿಗೆಲ್ಲ ನಮಸ್ಕಾರ. ಅಮೆರಿಕದ ಕನ್ನಡದ ಮನೆಗಳಲ್ಲಿ ಈಗ ಫ್ರಿಜ್ ತೆಗೆದರೆ ಮೊಸರಿನ ಡಬ್ಬಿ ಪಕ್ಕ ಒಂದು ಪುಟ್ಟ ಗಾಜಿನ ಬಾಟ್ಲಿ ಕಾಣುವುದುಂಟು. ತೂಕ ಇಳಿಸುವ ಇಂಜೆಕ್ಷನ್. ಒಳಗಿರುವುದು ಸೆಮಾಗ್ಲುಟೈಡ್ ಅಥವಾ ಟಿರ್ಜೆಪಟೈಡ್. ವಾರಕ್ಕೊಂದು ಸಲ ಹೊಟ್ಟೆಗೋ ತೊಡೆಗೋ ಚುಚ್ಚಿಕೊಳ್ಳುವುದು. ಔಷಧಿ ಬಗ್ಗೆ ನನಗೆ ತಕರಾರಿಲ್ಲ. ಹಸಿವು ತಗ್ಗುತ್ತದೆ, ತೂಕ ಇಳಿಯುತ್ತದೆ. ನಾನು ಹೇಳಬೇಕಾದ್ದು ಒಂದೇ ಮಾತು. ಚುಚ್ಚಿಕೊಳ್ಳುವ ಮೊದಲು ಸಿರಿಂಜಿನ ಎಷ್ಟು ಗೆರೆಗೆ ಎಷ್ಟು ಮಿಲಿಗ್ರಾಂ ಅಂತ ಕೇಳಿ.

ಔಷಧಿ ಕಂಪನಿಯ ಇಂಜೆಕ್ಷನ್ ಪೆನ್ನಿನಲ್ಲಿ ಡೋಸ್ ಅಳೆದೇ ಬರುತ್ತದೆ. ಕಾಂಪೌಂಡಿಂಗ್ ಫಾರ್ಮಸಿಯಿಂದ, ಅಂದರೆ ಔಷಧಿಯನ್ನು ತಾವೇ ತಯಾರಿಸಿ ಕೊಡುವ ಅಂಗಡಿಯಿಂದ, ಸಾಮಾನ್ಯವಾಗಿ ಬರುವುದು ಬಾಟ್ಲಿ. ಹಿಂದೆ ನಮ್ಮೂರಿನ ಕಾಂಪೌಂಡರ್ ಮಿಕ್ಸ್ಚರ್ ಕಲಸಿ, ಕಾಗದದ ಪಟ್ಟಿ ಕತ್ತರಿಸಿ ಬಾಟ್ಲಿಗೆ ಅಂಟಿಸಿ, ಒಂದು ಗುರುತಿಗೆ ಒಂದು ಹೊತ್ತು ಅಂತ ತೋರಿಸಿಕೊಡುತ್ತಿದ್ದರಲ್ವಾ? ಇಲ್ಲಿ ಹಾಗೆ ತೋರಿಸುವವರು ಯಾರೂ ಇಲ್ಲ. ಸಿರಿಂಜಿಗೆ ಎಳೆದುಕೊಳ್ಳುವವರು ನೀವೇ.

ನನಗೆ ಗೊತ್ತಿರುವ ಒಬ್ಬರು ಇದನ್ನು ಆನ್‌ಲೈನಲ್ಲಿ ತರಿಸಿಕೊಂಡರು. ಸೆಮಾಗ್ಲುಟೈಡ್. ಬಾಟ್ಲಿ ಮೇಲೆ ಒಂದು ಮಿಲಿಲೀಟರಿಗೆ 5 ಮಿಲಿಗ್ರಾಂ ಅಂತ ಇತ್ತು. ಮೊದಲ ತಿಂಗಳ ಡೋಸ್ 0.25 ಮಿಲಿಗ್ರಾಂ. ಇನ್ಸುಲಿನ್ ಸಿರಿಂಜಿನಲ್ಲಿ ಒಂದು ಮಿಲಿಲೀಟರ್ ಅಂದರೆ 100 ಯೂನಿಟ್; ಆ ಲೆಕ್ಕದಲ್ಲಿ ಈ ಡೋಸ್ 5 ಯೂನಿಟ್. ಆ ಸಿರಿಂಜಿನಲ್ಲಿ 5 ಅನ್ನುವ ಅಂಕಿಯೇ ಇರಲಿಲ್ಲ. 10, 20, 30 ಅಂತ ಇತ್ತು, ನಡುವೆ ಸಣ್ಣ ಗೆರೆಗಳು. ಅವರು 50ರವರೆಗೆ ಎಳೆದರು. ರಾತ್ರಿಯಿಡೀ ವಾಂತಿ. ಗುಟುಕು ನೀರೂ ನಿಲ್ಲಲಿಲ್ಲ. ಬೆಳಿಗ್ಗೆ ಸೊಸೆ ಫೋನ್ ಮಾಡಿ, "ಸರ್, ಅತ್ತೆಗೆ ನಿನ್ನೆಯ ಪುಳಿಯೋಗರೆ ಆಗಿಬರಲಿಲ್ಲ ಅನ್ಸುತ್ತೆ" ಅಂದಳು. "ಪುಳಿಯೋಗರೆ ಬಿಡಮ್ಮ, ಬಾಟ್ಲಿ ತಂದು ಓದು" ಅಂದೆ. ಓದಿದಳು. "ಎಲ್ಲಿವರೆಗೆ ಎಳೆದರು, ಕೇಳು" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಅರ್ಧ ಸಿರಿಂಜು" ಅಂದಳು. ಹತ್ತು ಪಟ್ಟು! 2.5 ಮಿಲಿಗ್ರಾಂ. ತೂಕಕ್ಕೆಂದು ಕೊಡುವಾಗ ನಾಲ್ಕು ತಿಂಗಳು ಹಂತಹಂತವಾಗಿ ಏರಿಸಿ 2.4ಕ್ಕೆ ಮುಟ್ಟಿಸುತ್ತಾರೆ. ಇವರು ಮೊದಲ ದಿನವೇ ಅದನ್ನೂ ದಾಟಿದ್ದರು. ಆಸ್ಪತ್ರೆಯಲ್ಲಿ ಸಲೈನ್ ಹಾಕಿಸಬೇಕಾಯಿತು. ಈ ಔಷಧಿಗೆ ಪ್ರತ್ಯೌಷಧಿ ಇಲ್ಲ. ವಾರ ಕಳೆದರೂ ಸುಮಾರು ಅರ್ಧ ಮೈಯಲ್ಲೇ ಇರುತ್ತದೆ.

ಇದು ಅವರೊಬ್ಬರ ಕತೆಯಲ್ಲ. 2024ರ ಜುಲೈಯಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದೇ ಎಚ್ಚರಿಕೆ ಕೊಟ್ಟಿತು. 5ರಿಂದ 20 ಪಟ್ಟು ಜಾಸ್ತಿ ಚುಚ್ಚಿಕೊಂಡವರಿದ್ದರು. ಕೆಲವು ಕಡೆ ಲೆಕ್ಕ ತಪ್ಪಿದ್ದು ವೈದ್ಯರದ್ದೇ. ಅದಕ್ಕೇ ಹೇಳುವುದು, ಸುಮ್ನೆ ತಲೆಯಾಡಿಸಿ ಬರಬೇಡಿ. ಖಾಲಿ ಸಿರಿಂಜ್ ಅವರ ಕೈಗೆ ಕೊಟ್ಟು "ಇಲ್ಲಿ ಗೆರೆ ತೋರಿಸಿ" ಅನ್ನಿ. ಆನ್‌ಲೈನ್ ಆದರೆ ವಿಡಿಯೊ ಕರೆಯಲ್ಲಿ ಕೇಳಿ. ನಾಚಿಕೆ ಯಾಕೆ?

ಹೊಸ ಬಾಟ್ಲಿ ಬಂದಾಗಲೂ ಕೇಳಿ. ಮಿಲಿಲೀಟರಿಗೆ 2.5 ಮಿಲಿಗ್ರಾಂ ಇದ್ದ ಬಾಟ್ಲಿಯಲ್ಲಿ 10 ಯೂನಿಟ್ ಅಂದರೆ 0.25. ಮುಂದಿನದು 5ರ ಬಾಟ್ಲಿಯಾದರೆ, ಅದೇ ಗೆರೆಗೆ ಎರಡು ಪಟ್ಟು ಔಷಧಿ!

ಸಮಯ ಮುಗಿಯುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ಕಂಪನಿ ಔಷಧಿಗೆ ಕೊರತೆ ಇದ್ದಾಗ ಇಂಥ ಬಾಟ್ಲಿಗಳು ಊರೆಲ್ಲ ತುಂಬಿದವು. ಟಿರ್ಜೆಪಟೈಡ್ ಕೊರತೆ 2024ರ ಡಿಸೆಂಬರಿನಲ್ಲಿ, ಸೆಮಾಗ್ಲುಟೈಡ್ ಕೊರತೆ 2025ರ ಫೆಬ್ರವರಿಯಲ್ಲಿ ತೀರಿತೆಂದು ಎಫ್‌ಡಿಎ ಹೇಳಿದೆ. ಹಾಗಾಗಿ ನಿಮಗೆ ಈಗಲೂ ಕಂಪನಿಯದ್ದು ಬಿಟ್ಟು ಈ ಬಾಟ್ಲಿಯನ್ನೇ ಯಾಕೆ ಬರೆದರು ಅಂತ ವೈದ್ಯರನ್ನು ಕೇಳಿ. ಪಾರ್ಸೆಲ್ ಬೆಚ್ಚಗೆ ಬಂದರೆ ಬಳಸಬೇಡಿ. ನಿಮ್ಮ ಬಾಟ್ಲಿಯಿಂದ ಊರಿನಿಂದ ಬಂದ ಅಮ್ಮನಿಗೂ ಸ್ವಲ್ಪ ಅಂತ ಖಂಡಿತ ಕೊಡಬೇಡಿ.

ಡೋಸ್ ಹೆಚ್ಚಾಯಿತು ಅನ್ನಿಸಿದರೆ, ವಾಂತಿ ಶುರುವಾಗುವವರೆಗೆ ಕಾಯದೆ, ಅಮೆರಿಕದಲ್ಲಿರುವವರು ವಿಷಬಾಧೆಗೆ ಸಲಹೆ ಕೊಡುವ ಸಹಾಯವಾಣಿ ಪಾಯ್ಸನ್ ಕಂಟ್ರೋಲ್‌ಗೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತಾರೆ. ಪೆನ್ನು ತೆಗೆದುಕೊಳ್ಳಿ, ನಂಬರ್ ಹೇಳುತ್ತೇನೆ: 1-800-222-1222. ಫೋನ್ ಮಾಡುವಾಗ ಬಾಟ್ಲಿ ಕೈಯಲ್ಲಿರಲಿ. ಮಿಲಿಲೀಟರಿಗೆ ಎಷ್ಟು ಮಿಲಿಗ್ರಾಂ, ಯಾವ ಗೆರೆವರೆಗೆ ಎಳೆದಿರಿ, ಎರಡನ್ನೂ ಹೇಳಿ. ನಮಸ್ಕಾರ.