ಓಸಿಯಾಂ ಆಚೆಯ ಢಾಣಿ, ಟಾಂಕಾಕ್ಕೆ ಬಿದ್ದ ಟೋಪಿ

ಬೆಳಗಿನ ಏಳು ಗಂಟೆ, ಫೆಬ್ರವರಿ. ಮರುಭೂಮಿ ಎಂದರೆ ಸೆಕೆ ಎಂದು ನಂಬಿ ಬರೀ ತೆಳು ಅಂಗಿಗಳನ್ನು ತಂದ ಬುದ್ಧಿವಂತ ನಾನೇ. ಕೇಳಿಸುತ್ತಿರುವ ಕಟಕಟ ಸದ್ದು ನನ್ನ ಹಲ್ಲಿನದು.

ರಾಜಸ್ಥಾನದ ಜೋಧಪುರದಿಂದ ಉತ್ತರಕ್ಕೆ ಅರವತ್ತು ಚಿಲ್ಲರೆ ಕಿಲೋಮೀಟರ್ ಬಂದರೆ ಓಸಿಯಾಂ. ಅಲ್ಲಿನ ಗುಡಿಗಳನ್ನು ಎಲ್ಲರೂ ತೋರಿಸಿದ್ದಾರೆ, ಈ ವಿಡಿಯೊದಲ್ಲಿ ನಾನು ತೋರಿಸುವುದಿಲ್ಲ. ನಾನಿರುವುದು ಅಲ್ಲಿಂದಾಚೆಯ ಒಂದು ಢಾಣಿಯಲ್ಲಿ. ಢಾಣಿ ಎಂದರೆ ಹೊಲದ ನಡುವೆಯೇ ಕಟ್ಟಿಕೊಂಡ ನಾಲ್ಕಾರು ಮನೆ, ನಮ್ಮ ತೋಟದ ಮನೆಗಳ ಹಾಗೆ. ಎಡಕ್ಕೆ ಜೀರಿಗೆ ಹೊಲ, ಬಲಕ್ಕೆ ಮರಳು ದಿಬ್ಬ, ಮಧ್ಯೆ ಒಂದು ಮುಳ್ಳುಬೇಲಿ. ಮರುಭೂಮಿಯ ಅಂಚು ಇಷ್ಟೇನಾ ಎನ್ನಿಸಿತು. ನಿಜ ಹೇಳಬೇಕೆಂದರೆ ಮೊದಲ ದಿನ ಬೇಸರವೇ ಆಯಿತು.

ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಮಳೆ, ಅದೂ ಬಂದರೆ. ಆ ಮಳೆಗೆ ಸಜ್ಜೆ, ಹೆಸರು, ಗ್ವಾರ್ ಎನ್ನುವ ನಮ್ಮ ಗೋರಿಕಾಯಿ. ಚಳಿಗಾಲದ ಜೀರಿಗೆಗೆ ಕೊಳವೆ ಬಾವಿ. ಈ ಜೀರಿಗೆ ಮಹಾ ನಾಜೂಕು, ಹೂ ಬಿಡುವ ಹೊತ್ತಿಗೆ ಮೋಡ ಕವಿದರೆ ರೋಗ ಹತ್ತುತ್ತದೆ. ಹಾಗಾಗಿ ಮರುಭೂಮಿಯ ಪಕ್ಕದಲ್ಲಿ ಕುಳಿತು ಮೋಡಕ್ಕೆ ಹೆದರುವ ರೈತರನ್ನು ಇಲ್ಲಿ ನೋಡಿದೆ.

ಇದು ಖೇಜಡಿ. ಗುರುತು ಸಿಕ್ಕಿತೇ? ನಮ್ಮ ಬನ್ನಿ ಮರ! ವಿಜಯದಶಮಿಗೆ ಎಲೆ ಹಂಚಿ, ಬಂಗಾರದಂತಿರೋಣ ಎಂದು ಹೇಳಿ ಮರೆತುಬಿಡುತ್ತೇವಲ್ಲ, ಅದೇ. ಇಲ್ಲಿ ಅದರ ಬುಡದಲ್ಲೇ ಸಜ್ಜೆ ಬೆಳೆಯುತ್ತದೆ, ಎಲೆ ಮೇಕೆಗೆ, ಕಾಯಿ ಪಲ್ಯಕ್ಕೆ. 1730ರಲ್ಲಿ ಜೋಧಪುರದ ಹತ್ತಿರ ಖೇಜಡಲಿಯಲ್ಲಿ ಈ ಮರಗಳನ್ನು ಕಡಿಯಲು ಬಿಡದೆ ಬಿಷ್ಣೋಯಿ ಸಮುದಾಯದ 363 ಜನ ಜೀವ ಕೊಟ್ಟರು. ಅದರಾಚೆ ಕಾಣುವ ಮುಳ್ಳುಪೊದೆ ನಮ್ಮ ಬಳ್ಳಾರಿ ಜಾಲಿ. ಸಾವಿರ ಮೈಲಿ ದಾಟಿ ಬಂದರೂ ಅದು ಬೆನ್ನು ಬಿಡಲಿಲ್ಲ!

ಈಗ ಮಾನ ಹೋದ ಕಥೆ. ಈ ದುಂಡನೆಯ ಕಟ್ಟೆ ಟಾಂಕಾ, ನೆಲದೊಳಗಿನ ತೊಟ್ಟಿ. ಕೊಳವೆ ಬಾವಿಯ ನೀರು ಸವಳು, ಆದ್ದರಿಂದ ಕುಡಿಯಲು ಮಳೆನೀರು. ಸುತ್ತಲಿನ ಇಳಿಜಾರು ಅಂಗಳ ಆಗೋರ್, ಮಳೆಗೆ ಮುಂಚೆ ಗುಡಿಸಿ ಇಡುತ್ತಾರೆ. ಅಲ್ಲಿ ಚಪ್ಪಲಿ ನಿಷಿದ್ಧ. ನಾನು ಬೂಟು ಹಾಕಿಕೊಂಡು ನಡೆದೆ. ಆ ಮನೆಯ ಅಜ್ಜಿ ಮಾರವಾಡಿಯಲ್ಲಿ ಬೈದರು. ಮೊಮ್ಮಗ ಹಿಂದಿಗೆ ಇಳಿಸಿದ, ಅರ್ಧ ನುಂಗಿಕೊಂಡ ಎಂದು ಕಾಣುತ್ತದೆ. ಬೂಟು ಬಿಚ್ಚಿ, ಮುಚ್ಚಳ ಸರಿಸಿ, ಒಳಗಿನ ಪ್ರತಿಧ್ವನಿ ಚೆನ್ನಾಗಿರುತ್ತದೆ ಎಂದು ಮೈಕನ್ನು ತೊಟ್ಟಿಯ ಬಾಯಿಗೆ ಹಿಡಿದೆ. ಗಾಳಿಯ ಸದ್ದು ತಡೆಯಲು ಮೈಕಿಗೆ ಹಾಕುವ ತುಪ್ಪಳದ ಟೋಪಿ ಜಾರಿ ಬಿತ್ತು.

ವರ್ಷದ ಕುಡಿಯುವ ನೀರು. ಅದರ ಮೇಲೆ ಸತ್ತ ಇಲಿಯಂತೆ ತೇಲುವ ನನ್ನ ನಾನೂರು ರೂಪಾಯಿಯ ಟೋಪಿ. ಬಕೆಟ್ ಇಳಿಸಿದರೆ ಅಲೆ ಎದ್ದು ಅದು ಗೋಡೆಗೆ ಸರಿಯುತ್ತದೆ, ಎತ್ತಿದರೆ ಮತ್ತೆ ನಡುವಿಗೆ ಬರುತ್ತದೆ. ಬಾವಿಗೆ ಬಿದ್ದ ಕೊಡ ಎತ್ತುವ, ನಮ್ಮಜ್ಜಿ ಮನೆಯ ಕೊಕ್ಕೆಗಳ ಪಾತಾಳಗರಡಿ ನೆನಪಾಯಿತು. ಆದರೆ ತೇಲುವುದಕ್ಕೆ ಕೊಕ್ಕೆ ಏನು ಮಾಡೀತು? ಮುಕ್ಕಾಲು ಗಂಟೆ. ನಾನು ಎತ್ತಿದ ಬಕೆಟ್ಟಿನಿಂದ ಹನಿ ಚೆಲ್ಲಿದಾಗಲೆಲ್ಲ ಅಜ್ಜಿ ಹನಿಯನ್ನೇ ನೋಡುತ್ತಿದ್ದರು, ನನ್ನನ್ನಲ್ಲ. ಅದು ಬೈಗುಳಕ್ಕಿಂತ ಚುಚ್ಚಿತು. ಕೊನೆಗೆ ಹುಡುಗ ಒಂಟೆಗೆ ಸೊಪ್ಪು ಕಡಿಯುವ ಉದ್ದ ಕೋಲಿಗೆ ಜರಡಿ ಕಟ್ಟಿ, ಒಂದೇ ಸಲಕ್ಕೆ ತೆಗೆದ. ಮೊದಲೇ ತೆಗೆಯಬಹುದಿತ್ತು, ನೋಡಿ ನಗುತ್ತಿದ್ದ.

ಬೇಸರ ಎಂದಿದ್ದೆನಲ್ಲ, ಹಿಂದಕ್ಕೆ ತೆಗೆದುಕೊಂಡೆ. ಅಜ್ಜಿ ಅದೇ ನೀರನ್ನು ಒಂದು ಲೋಟ ಕೊಟ್ಟರು. ತುಟಿಗೆ ತಾಗಿಸದೆ ಎತ್ತಿ ಕುಡಿದೆ. ಸಿಹಿಯಾಗಿತ್ತು, ತುಪ್ಪಳದ ವಾಸನೆ ಬರಲಿಲ್ಲ. ಟೋಪಿ ಬೇಲಿಯ ಮೇಲೆ ಒಣಗುತ್ತಿದೆ, ಆದ್ದರಿಂದ ದಿಬ್ಬದ ದೃಶ್ಯದಲ್ಲಿ ಗಾಳಿಯದೇ ಆರ್ಭಟ. ಸಹಿಸಿಕೊಳ್ಳಿ, ಬಸ್ಸು ಬಂತು.